ಅಚ್ಚಿನ ಯಂತ್ರಕ್ಕೊಂದು ಕದಲದ ಬುಡ

ಎದೆಯ ಮೇಲೆ ಹುಲಿಯ ಮುಖ ಅಚ್ಚಾಗಿರುವ ಟೀ ಶರ್ಟೊಂದನ್ನು ಹತ್ತಿರದಿಂದ ನೋಡಿ. ಕಿತ್ತಳೆ ಬಣ್ಣ ಮುಗಿದಲ್ಲೇ ಕಪ್ಪು ಪಟ್ಟೆ ಶುರುವಾಗಬೇಕು. ನಡುವೆ ಬಟ್ಟೆಯ ಬಿಳುಪು ಗೆರೆಯಾಗಿ ಇಣುಕಿದರೂ ತಪ್ಪು, ಒಂದು ಬಣ್ಣ ಇನ್ನೊಂದರ ಮೇಲೆ ಹತ್ತಿ ಕೂತರೂ ತಪ್ಪು. ಒಂದು ಅಡಿ ದೂರದಲ್ಲಿರುವ ಎರಡು ಗೆರೆಗಳ ನಡುವೆ 0.1 ಮಿಲಿಮೀಟರ್ ಅಂತರವಿದ್ದರೆ ಸಾಕು, ಆರೋಗ್ಯವಂತ ಕಣ್ಣು ಅವನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ನೂಲು ಹಿಗ್ಗುತ್ತದೆ, ಶಾಯಿ ಹರಡುತ್ತದೆ. ಆದ್ದರಿಂದ ಅಂಗಿಯ ಮೇಲೆ ಅಷ್ಟು ಕರಾರುವಾಕ್ಕು ಬೇಕಿಲ್ಲ. ಆದರೂ ಬಣ್ಣಗಳ ಹೊಂದಾಣಿಕೆ ಅರ್ಧ ಮಿಲಿಮೀಟರ್ ತಪ್ಪಿದರೆ ಕಣ್ಣಿಗೆ ಹೊಡೆಯುತ್ತದೆ, ಅಂಗಿ ‘ಸೆಕೆಂಡ್ಸ್’ ರಾಶಿಗೆ ಬೀಳುತ್ತದೆ.

ಈ ತಪ್ಪಿಗೆ ಸಾಮಾನ್ಯವಾಗಿ ಶಾಯಿಯನ್ನೋ ಸ್ಕ್ರೀನನ್ನೋ ಕೆಲಸಗಾರನ ಕೈಯನ್ನೋ ದೂರುತ್ತಾರೆ. ಬಹಳ ಸಲ ದೋಷವಿರುವುದು ಯಾರೂ ಬಗ್ಗಿ ನೋಡದ ಜಾಗದಲ್ಲಿ, ಯಂತ್ರವನ್ನು ಹೊತ್ತು ನಿಂತ ಕಬ್ಬಿಣದ ಕಟ್ಟಿನಲ್ಲಿ. ಆ ಕಟ್ಟನ್ನು ಕದಲದಂತೆ, ಆದರೆ ಕಡಿಮೆ ಖರ್ಚಿನಲ್ಲಿ ಕಟ್ಟುವುದು ಹೇಗೆ ಎಂಬುದು ಭೌತವಿಜ್ಞಾನದ ಒಂದು ಸೊಗಸಾದ ಲೆಕ್ಕ.

ಜಾಲರಿ, ಶಾಯಿ, ಸುತ್ತುವ ತೋಳು

ಸ್ಕ್ರೀನ್ ಪ್ರಿಂಟಿಂಗ್‌ನ ಮೂಲತತ್ವ ಸರಳ. ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿದ ಪಾಲಿಯೆಸ್ಟರ್ ಜಾಲರಿ ಇರುತ್ತದೆ. ಚಿತ್ರ ಬೇಡದ ಕಡೆಯೆಲ್ಲ ಅದರ ಕಣ್ಣುಗಳನ್ನು ಎಮಲ್ಷನ್ ಲೇಪಿಸಿ ಮುಚ್ಚಿರುತ್ತಾರೆ. ಮೇಲೆ ಶಾಯಿ ಸುರಿದು, ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ಒತ್ತಿ ಎಳೆದರೆ ತೆರೆದ ಕಣ್ಣುಗಳ ಮೂಲಕ ಶಾಯಿ ಬಟ್ಟೆಗೆ ಇಳಿಯುತ್ತದೆ. ಮ್ಯಾಂಚೆಸ್ಟರಿನ ಸ್ಯಾಮುಯೆಲ್ ಸೈಮನ್ 1907ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದಾಗ ಜಾಲರಿ ರೇಷ್ಮೆಯದಾಗಿತ್ತು.

ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ನಾಲ್ಕು ಬಣ್ಣದ ಚಿತ್ರವಾದರೆ ಅಂಗಿ ನಾಲ್ಕು ಸ್ಕ್ರೀನ್‌ಗಳ ಕೆಳಗೆ, ಪ್ರತಿಸಲವೂ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಅಮೆರಿಕದ ಮೈಕೇಲ್ ವ್ಯಾಸಿಲಾಂಟೋನ್ 1960ರ ದಶಕದಲ್ಲಿ ಇದಕ್ಕೆ ಸುತ್ತುವ ಯಂತ್ರವೊಂದನ್ನು ರೂಪಿಸಿ 1969ರಲ್ಲಿ ಪೇಟೆಂಟ್ ಪಡೆದರು. ನಡುವೆ ಒಂದು ಕಂಬ. ಕಂಬದಿಂದ ಸುತ್ತಲೂ ಹೊರಟ ಕೆಳಗಿನ ತೋಳುಗಳ ತುದಿಯಲ್ಲಿ ಅಂಗಿ ತೊಡಿಸುವ ಹಲಗೆಗಳು, ಅಂದರೆ ಪ್ಯಾಲೆಟ್‌ಗಳು. ಮೇಲಿನ ತೋಳುಗಳಲ್ಲಿ ಸ್ಕ್ರೀನ್‌ಗಳು. ತೋಳನ್ನು ತಿರುಗಿಸಿದರೆ ಮುಂದಿನ ಬಣ್ಣ.

ಭಾರತದ ಹೆಣೆದ ಉಡುಪುಗಳ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಡೆದಿರುವ ತಮಿಳುನಾಡಿನ ತಿರುಪ್ಪೂರಿನಲ್ಲಿ ಈ ಬಗೆಯ ಯಂತ್ರಗಳು ದೊಡ್ಡ ಕಾರ್ಖಾನೆಗಳಲ್ಲೂ ಇವೆ, ಬೀದಿಬದಿಯ ಸಣ್ಣ ಶೆಡ್ಡುಗಳಲ್ಲೂ ಇವೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಆಸುಪಾಸಿನಲ್ಲಿ, ಕಾಲೇಜು ಹಬ್ಬದ ಅಂಗಿ, ಕ್ರಿಕೆಟ್ ತಂಡದ ಜರ್ಸಿ, ಚುನಾವಣೆಯ ಟೀ ಶರ್ಟು ಅಚ್ಚು ಹಾಕಿ ಬದುಕುವವರ ಕೋಣೆಗಳಲ್ಲೂ ಇವೆ. ದೊಡ್ಡವರು ಆಮದು ಯಂತ್ರ ತರಿಸಬಲ್ಲರು. ಸಣ್ಣವರಿಗೆ ಹತ್ತಿರದ ಫ್ಯಾಬ್ರಿಕೇಷನ್ ಅಂಗಡಿಯೇ ಗತಿ. ಅಲ್ಲಿ ‘ಗಟ್ಟಿಯಾಗಿರಲಿ’ ಎಂಬ ಒಂದೇ ಮಾತಿನ ಮೇಲೆ ಯಂತ್ರ ತಯಾರಾಗುತ್ತದೆ, ಕಬ್ಬಿಣದ ತೂಕ ನೋಡಿ ಬೆಲೆ ಕಟ್ಟುತ್ತಾರೆ.

ಮುರಿಯದಿದ್ದರೆ ಸಾಲದು

ಮುರಿಯದಿರುವುದು ಒಂದು ಗುಣ, ಬಾಗದಿರುವುದು ಇನ್ನೊಂದು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಪ್ಯಾಲೆಟ್ ಹೊತ್ತ ತೋಳಿಗೆ 40×40 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಚೌಕ ಪೈಪ್ ಬಳಸಿದ್ದಾರೆ ಎಂದುಕೊಳ್ಳೋಣ. ಕಂಬದಿಂದ 700 ಮಿ.ಮೀ. ದೂರದಲ್ಲಿ ಸ್ಕ್ವೀಜಿ ಸುಮಾರು 10 ಕಿಲೋ ತೂಕದಷ್ಟು ಬಲದಿಂದ ಒತ್ತುತ್ತದೆ. ತೋಳಿನ ಬುಡದಲ್ಲಿ ಉಂಟಾಗುವ ಒತ್ತಡ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 19 ನ್ಯೂಟನ್. ಸಾಧಾರಣ ಎಂಎಸ್ (ಮೈಲ್ಡ್ ಸ್ಟೀಲ್) ಉಕ್ಕು ಸುಮಾರು 250 ನ್ಯೂಟನ್‌ವರೆಗೂ ಶಾಶ್ವತವಾಗಿ ಸೊಟ್ಟಗಾಗದೆ ತಡೆಯುತ್ತದೆ. ಅಂದರೆ ತೋಳು ತನ್ನ ತಾಕತ್ತಿನ ಹದಿಮೂರನೇ ಒಂದು ಭಾಗವನ್ನಷ್ಟೇ ಬಳಸುತ್ತಿದೆ. ಮುರಿಯುವ ಮಾತೇ ಇಲ್ಲ.

ಆದರೆ ಅದೇ ತೋಳು ಅಷ್ಟೇ ಬಲಕ್ಕೆ 0.78 ಮಿ.ಮೀ. ಕೆಳಕ್ಕೆ ಬಾಗುತ್ತದೆ.

ಇದು ಏಕೆ ಅಪಾಯ? ಸ್ಕ್ರೀನ್ ಬಟ್ಟೆಗೆ ತಾಗಿಕೊಂಡು ಕೂರುವುದಿಲ್ಲ, ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಮಿ.ಮೀ. ಮೇಲಿರುತ್ತದೆ. ಸ್ಕ್ವೀಜಿ ಒತ್ತಿದ ಜಾಗದಲ್ಲಷ್ಟೇ ಜಾಲರಿ ಬಟ್ಟೆಯನ್ನು ಮುಟ್ಟಿ, ಅದು ಮುಂದೆ ಸರಿದ ಕೂಡಲೇ ಚಿಮ್ಮಿ ಮೇಲೇಳಬೇಕು. ಹಾಗಾದರೆ ಮಾತ್ರ ಅಂಚು ಚೊಕ್ಕಟವಾಗಿ ಮೂಡುತ್ತದೆ. ಪ್ಯಾಲೆಟ್ಟಿನ ಹೊರತುದಿ ಮುಕ್ಕಾಲು ಮಿಲಿಮೀಟರ್ ಕುಸಿದರೆ ಆ ಅಂತರದ ಲೆಕ್ಕವೇ ತಪ್ಪುತ್ತದೆ. ಕಂಬದ ಕಡೆ ಶಾಯಿ ಒಂದು ಪ್ರಮಾಣದಲ್ಲಿ, ಹೊರಗಡೆ ಇನ್ನೊಂದು ಪ್ರಮಾಣದಲ್ಲಿ ಇಳಿಯುತ್ತದೆ. ಜಾಲರಿ ಹೆಚ್ಚು ಹಿಗ್ಗಿ ಚಿತ್ರವೂ ಎಳೆದಂತಾಗುತ್ತದೆ. ಕೆಲಸಗಾರ ಇನ್ನಷ್ಟು ಒತ್ತುತ್ತಾನೆ, ತೋಳು ಇನ್ನಷ್ಟು ಬಾಗುತ್ತದೆ.

ದುಬಾರಿ ಉಕ್ಕು ತಂದರೆ ಸರಿಹೋದೀತೇ? ಇಲ್ಲ. ಬಾಗುವಿಕೆಯನ್ನು ನಿರ್ಧರಿಸುವ ಯಂಗ್ ಗುಣಾಂಕ ಸಾಧಾರಣ ಎಂಎಸ್‌ಗೂ ಹೆಚ್ಚು ಬಲದ ಉಕ್ಕಿಗೂ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್. ಅಲ್ಯೂಮಿನಿಯಮ್ಮಿನದು 70 ಮಾತ್ರ. ಹಾಗಾಗಿ ಈ ಕೆಲಸಕ್ಕೆ ಮಾರುಕಟ್ಟೆಯ ಅತ್ಯಂತ ಅಗ್ಗದ ಉಕ್ಕೇ ಸಾಕು. ಬಡ ಮುದ್ರಕರ ಪಾಲಿಗೆ ಇದು ಪ್ರಕೃತಿ ಕೊಟ್ಟ ರಿಯಾಯಿತಿ.

ತೂಕವಲ್ಲ, ಆಕಾರ

ಲೋಹ ಬದಲಿಸಿ ಫಲವಿಲ್ಲವೆಂದಾದರೆ ಬದಲಿಸಬೇಕಾದ್ದು ಆಕಾರವನ್ನು. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ‘ಎರಡು ಹೊಸ ವಿಜ್ಞಾನಗಳು’ ಕೃತಿಯಲ್ಲಿ ಹಕ್ಕಿಯ ಮೂಳೆ ಮತ್ತು ಜೊಂಡಿನ ಕಡ್ಡಿಗಳನ್ನು ಉದಾಹರಿಸಿ, ಒಳಗೆ ಟೊಳ್ಳಿರುವ ವಸ್ತು ಅಷ್ಟೇ ತೂಕದ ಗಟ್ಟಿ ವಸ್ತುವಿಗಿಂತ ಬಲವಾಗಿರುತ್ತದೆ ಎಂದು ವಿವರಿಸಿದ್ದಾನೆ. ಬಾಗುವಾಗ ಮೇಲಿನ ಪದರ ಹಿಗ್ಗುತ್ತದೆ, ಕೆಳಗಿನದು ಕುಗ್ಗುತ್ತದೆ, ನಡುವಿನದು ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಲೋಹವನ್ನು ನಡುವಿನಿಂದ ತೆಗೆದು ಹೊರಗಡೆ ಹರಡಿದಷ್ಟೂ ಲಾಭ.

ಎಷ್ಟು ಲಾಭ ಎಂಬುದನ್ನು ಅಂಗಡಿಯಲ್ಲಿ ಸಿಗುವ ಪೈಪುಗಳಿಂದಲೇ ನೋಡಬಹುದು. 40×40 ಪೈಪಿನ ದಪ್ಪವನ್ನು 2ರಿಂದ 3 ಮಿ.ಮೀ.ಗೆ ಏರಿಸಿದರೆ ತೂಕ ಮೀಟರಿಗೆ ಸುಮಾರು 2.4 ಕಿಲೋದಿಂದ 3.5 ಕಿಲೋಗೆ ಏರುತ್ತದೆ. ಬಾಗುವಿಕೆ 0.78ರಿಂದ 0.56 ಮಿ.ಮೀ.ಗೆ ಇಳಿಯುತ್ತದೆ. ಅದರ ಬದಲು ದಪ್ಪವನ್ನು 2 ಮಿ.ಮೀ.ನಲ್ಲೇ ಉಳಿಸಿ 60×60 ಪೈಪ್ ತಂದರೆ? ತೂಕ ಮೀಟರಿಗೆ ಸುಮಾರು 3.6 ಕಿಲೋ, ಬಾಗುವಿಕೆ ಬರೀ 0.22 ಮಿ.ಮೀ. ಬೆಲೆ ಹೆಚ್ಚುಕಡಿಮೆ ಅಷ್ಟೇ, ಕೆಲಸ ಎರಡೂವರೆ ಪಟ್ಟು. ಇನ್ನೂ ಮುಂದೆ ಹೋಗಿ, 60×60ರಷ್ಟೇ ತೂಗುವ 80×40×2 ಆಯತಾಕಾರದ ಪೈಪನ್ನು ಎತ್ತರವಾಗಿ ನಿಲ್ಲಿಸಿ ಬಳಸಿದರೆ ಬಾಗುವಿಕೆ 0.15 ಮಿ.ಮೀ. ಅದನ್ನೇ ಮಲಗಿಸಿ ಇಟ್ಟರೆ 0.44! ಒಂದೇ ಪೈಪು, ನಿಲ್ಲಿಸಿದ ಭಂಗಿಯಿಂದಲೇ ಮೂರು ಪಟ್ಟು ವ್ಯತ್ಯಾಸ.

ಉದ್ದದ ಪ್ರಭಾವ ಇದಕ್ಕಿಂತ ತೀವ್ರ. ಬಾಗುವಿಕೆ ಉದ್ದದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತೋಳನ್ನು 700ರಿಂದ 600 ಮಿ.ಮೀ.ಗೆ ಇಳಿಸಿದರೆ ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಬಾಗುವಿಕೆ ಶೇಕಡ 37ರಷ್ಟು ಕಡಿಮೆಯಾಗುತ್ತದೆ. ಮುಂದೆಂದೋ ಬೇಕಾದೀತೆಂದು ತೋಳನ್ನು ಉದ್ದ ಮಾಡಿಸಿಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ತಿರುಚುವಿಕೆಯ ವಿಷಯದಲ್ಲಂತೂ ಆಕಾರದ ಮಹಿಮೆ ಬೆರಗು ಹುಟ್ಟಿಸುತ್ತದೆ. ಫ್ಯಾಬ್ರಿಕೇಷನ್ ಅಂಗಡಿಗಳಿಗೆ ಬಲು ಪ್ರಿಯವಾದದ್ದು ಆಂಗಲ್, ಅಂದರೆ ‘L’ ಆಕಾರದ ಪಟ್ಟಿ. ಕತ್ತರಿಸುವುದು ಸುಲಭ, ತೂತು ಕೊರೆಯುವುದು ಸುಲಭ. 50×50×5 ಆಂಗಲ್ ಮೀಟರಿಗೆ ಸುಮಾರು 3.8 ಕಿಲೋ ತೂಗುತ್ತದೆ, ಅಂದರೆ 60×60×2 ಪೈಪಿಗಿಂತ ತುಸು ಹೆಚ್ಚೇ. ಆದರೆ ತಿರುಚುವ ಬಲವನ್ನು ತಡೆಯುವುದರಲ್ಲಿ ಪೈಪು ಆ ಆಂಗಲ್‌ಗಿಂತ ನೂರು ಪಟ್ಟು ಮುಂದು. ಕಾರಣ, ಪೈಪಿನ ಗೋಡೆ ಸುತ್ತಲೂ ಮುಚ್ಚಿಕೊಂಡಿದೆ. ಅದೇ ಪೈಪಿಗೆ ಉದ್ದಕ್ಕೂ ಒಂದು ಸೀಳು ಹಾಕಿದರೆ ತಿರುಚುವಿಕೆಗೆ ಅದು ಒಡ್ಡುವ ಪ್ರತಿರೋಧ ಆರುನೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಪ್ಯಾಲೆಟ್ಟಿನ ಒಂದು ಮೂಲೆಯನ್ನು ಒತ್ತಿದಾಗ ತೋಳು ತಿರುಚಿಕೊಳ್ಳುವುದರಿಂದ, ತೋಳಿಗೆ ಆಂಗಲ್ ಸಲ್ಲದು.

ಬಲ ಓಡಾಡುವ ದಾರಿ

ಎಲ್ಲ ಭಾಗಗಳೂ ಒಂದೇ ಸಮನೆ ಗಟ್ಟಿಯಾಗಿರಬೇಕೇ? ಕಡಿಮೆ ಖರ್ಚಿನ ಗುಟ್ಟು ಈ ಪ್ರಶ್ನೆಯಲ್ಲಿದೆ.

ಅಚ್ಚು ಕೆಡುವುದು ಸ್ಕ್ರೀನಿಗೂ ಪ್ಯಾಲೆಟ್ಟಿಗೂ ನಡುವಿನ ಸಂಬಂಧ ಬದಲಾದಾಗ. ಸ್ಕ್ವೀಜಿಯ ಬಲ ಸ್ಕ್ರೀನಿನಿಂದ ಪ್ಯಾಲೆಟ್ಟಿಗೆ, ಅಲ್ಲಿಂದ ಕೆಳತೋಳಿನ ಮೂಲಕ, ಕಂಬದ ಸುತ್ತ ತೋಳುಗಳನ್ನು ತಿರುಗಿಸುವ ಹಬ್‌ಗೆ, ಹಬ್‌ನಿಂದ ಕಂಬಕ್ಕೆ, ಕಂಬದಿಂದ ಮೇಲಿನ ತೋಳಿಗೆ, ಮತ್ತೆ ಸ್ಕ್ರೀನಿಗೆ ಒಂದು ಸುತ್ತು ಹಾಕುತ್ತದೆ. ಈ ಸುತ್ತಿನಲ್ಲಿ ಬರುವ ಪ್ರತಿಯೊಂದು ತುಂಡು, ಪ್ರತಿಯೊಂದು ಬೋಲ್ಟು ತನ್ನ ಪಾಲಿನ ಬಾಗುವಿಕೆಯನ್ನು ಸೇರಿಸುತ್ತದೆ. ಕಂಬದ ಕೆಳಭಾಗ ಮತ್ತು ಕಾಲುಗಳು ಈ ಸುತ್ತಿನ ಹೊರಗಿವೆ. ಇಡೀ ಯಂತ್ರ ಒಂದಿಷ್ಟು ಓರೆಯಾದರೂ ಸ್ಕ್ರೀನು, ಪ್ಯಾಲೆಟ್ಟು ಎರಡೂ ಒಟ್ಟಿಗೇ ಓರೆಯಾಗುತ್ತವೆ. ಆದ್ದರಿಂದ ಒಳ್ಳೆಯ ಪೈಪಿಗೆ, ನಿಖರ ಕೆಲಸಕ್ಕೆ ಖರ್ಚಾಗುವ ಹಣವೆಲ್ಲ ಸುತ್ತಿನೊಳಗೆ ಹೋಗಬೇಕು. ಕಾಲುಗಳಿಂದ ಬೇಕಾದ್ದು ಅಗಲವಾದ ನಿಲುವು ಮತ್ತು ತೂಕ; ಅವನ್ನು ಅಗ್ಗದಲ್ಲೇ ಪಡೆಯಬಹುದು.

ಸುತ್ತಿನ ಅತ್ಯಂತ ದುರ್ಬಲ ಕೊಂಡಿ ಸಾಮಾನ್ಯವಾಗಿ ಹಬ್. ಎರಡು ಬೇರಿಂಗ್‌ಗಳ ನಡುವಿನ ಅಂತರ 100 ಮಿ.ಮೀ. ಇದ್ದು, ಅವುಗಳಲ್ಲಿ ಒಟ್ಟು 0.05 ಮಿ.ಮೀ. ಸಡಿಲವಿದ್ದರೆ 800 ಮಿ.ಮೀ. ದೂರದ ಪ್ಯಾಲೆಟ್ ತುದಿಯಲ್ಲಿ ಅದು 0.4 ಮಿ.ಮೀ. ಆಗಿ ಹಿಗ್ಗುತ್ತದೆ. ಬೇರಿಂಗ್‌ಗಳನ್ನು 300 ಮಿ.ಮೀ. ದೂರ ಕೂರಿಸಿದರೆ ಅದೇ ಸಡಿಲ 0.13 ಮಿ.ಮೀ.ಗೆ ಇಳಿಯುತ್ತದೆ. ನಟ್ ಬಿಗಿದು ಸಡಿಲ ತೆಗೆಯಬಹುದಾದ ಟೇಪರ್ ರೋಲರ್ ಬೇರಿಂಗ್ ಇಲ್ಲಿ ಉತ್ತಮ. ಗುಜರಿಯಲ್ಲಿ ಸಿಗುವ ಹಳೆಯ ವಾಹನದ ಚಕ್ರದ ಹಬ್ಬನ್ನೇ ಇದಕ್ಕೆ ಬಳಸಿ ಯಂತ್ರ ಕಟ್ಟಿಕೊಂಡವರು ಹಲವು ದೇಶಗಳಲ್ಲಿದ್ದಾರೆ. ಒಂದು ಟನ್ನಿನಷ್ಟು ತೂಗುವ ವಾಹನವನ್ನು ಹೊತ್ತ ಬೇರಿಂಗಿಗೆ ಅಂಗಿ ಹೊರುವುದು ಭಾರವಲ್ಲ. ಸವೆದಿದೆಯೇ ಎಂದು ನೋಡಿ ತರಬೇಕು ಅಷ್ಟೆ.

ಸುತ್ತನ್ನೇ ಗಿಡ್ಡ ಮಾಡುವ ಉಪಾಯವೂ ಇದೆ. ಮೇಲಿನ ತೋಳು ಕೆಳಗಿಳಿದಾಗ ಅದರಲ್ಲಿನ ನಾಲಿಗೆಯೊಂದು ಕೆಳತೋಳಿನ ಮೇಲಿರುವ ಎರಡು ರೋಲರ್‌ಗಳ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಅಡ್ಡಡ್ಡ ಬಲ ಕಂಬದವರೆಗೆ ಹೋಗದೆ ಅಲ್ಲಿಯೇ ನಿಲ್ಲುತ್ತದೆ. ಈ ಬೀಗವನ್ನು ಪ್ಯಾಲೆಟ್ಟಿಗೆ ಎಷ್ಟು ಹತ್ತಿರ ಇಟ್ಟರೆ ಬಣ್ಣಗಳ ಹೊಂದಾಣಿಕೆ ಅಷ್ಟು ನಿಖರ.

ಎಷ್ಟು ಕಾಲು?

ಮೂರು ಕಲ್ಲಿನ ಒಲೆಯ ಮೇಲೆ ಇಟ್ಟ ಮಡಕೆ ಎಂದೂ ಅಲುಗಾಡುವುದಿಲ್ಲ. ಯಾವ ಮೂರು ಬಿಂದುಗಳ ಮೂಲಕವೂ ಒಂದು ಸಮತಲ ಹಾದುಹೋಗುತ್ತದೆ. ಮೂರು ಕಾಲಿನ ಯಂತ್ರವೂ ಎಂಥ ಉಬ್ಬುತಗ್ಗಿನ ನೆಲದಲ್ಲೂ ಕುಂಟುವುದಿಲ್ಲ. ಆದರೆ ಅದು ಬೇಗ ಉರುಳುತ್ತದೆ. ಕಾಲುಗಳ ತುದಿ ಕಂಬದಿಂದ 500 ಮಿ.ಮೀ. ದೂರದಲ್ಲಿದ್ದರೆ, ಎರಡು ಕಾಲುಗಳನ್ನು ಸೇರಿಸುವ ಗೆರೆ ಕಂಬದಿಂದ ಬರೀ 250 ಮಿ.ಮೀ. ದೂರ. ನಾಲ್ಕು ಕಾಲಿದ್ದರೆ ಆ ದೂರ 354 ಮಿ.ಮೀ.

ಯಂತ್ರದ ತೂಕ 120 ಕಿಲೋ, ಪ್ಯಾಲೆಟ್ ತುದಿ ಕಂಬದಿಂದ 900 ಮಿ.ಮೀ. ಎಂದಿಟ್ಟುಕೊಳ್ಳಿ. ಮೂರು ಕಾಲಿನ ಯಂತ್ರದ ಪ್ಯಾಲೆಟ್ ತುದಿಗೆ, ಎರಡು ಕಾಲುಗಳ ನಡುವಿನ ದಿಕ್ಕಿನಲ್ಲಿ, 46 ಕಿಲೋ ಭಾರ ಬಿದ್ದರೆ ಅದು ಮಗುಚುತ್ತದೆ. ನಾಲ್ಕು ಕಾಲಿನದು 78 ಕಿಲೋವರೆಗೂ ತಾಳುತ್ತದೆ. ದಣಿದ ಕೆಲಸಗಾರನೊಬ್ಬ ಪ್ಯಾಲೆಟ್ ಮೇಲೆ ಪೂರ್ತಿ ಭಾರ ಬಿಟ್ಟು ಒರಗುವ ಸಂದರ್ಭ ನೆನೆದರೆ ನಾಲ್ಕು ಕಾಲೇ ಕ್ಷೇಮ. ಕುಂಟುವ ಸಮಸ್ಯೆಗೆ ಪ್ರತಿ ಕಾಲಿಗೂ ಒಂದೊಂದು ಲೆವೆಲಿಂಗ್ ಬೋಲ್ಟ್ ಸಾಕು: ಮೊದಲು ಮೂರು ಬೋಲ್ಟ್‌ಗಳ ಮೇಲೆ ರಸಮಟ್ಟ ನೋಡಿ ಯಂತ್ರವನ್ನು ಸಮ ಮಾಡಿ, ಆಮೇಲೆ ನಾಲ್ಕನೆಯದನ್ನು ನೆಲ ಮುಟ್ಟುವವರೆಗೆ ಇಳಿಸಬೇಕು. ನೀರು ಹರಿಯಲೆಂದು ಇಳಿಜಾರಾಗಿ ಮಾಡಿದ ಶೆಡ್ಡಿನ ನೆಲದಲ್ಲಿ ಈ ಬೋಲ್ಟ್ ಇಲ್ಲದೆ ಗತಿಯಿಲ್ಲ.

ತೂಕಕ್ಕಾಗಿ ಉಕ್ಕನ್ನೇ ಕೊಳ್ಳಬೇಕಿಲ್ಲ. 600×600×150 ಮಿ.ಮೀ. ಅಳತೆಯ ಕಾಂಕ್ರೀಟ್ ದಿಮ್ಮಿ ಸುಮಾರು 130 ಕಿಲೋ ತೂಗುತ್ತದೆ. ಅದಕ್ಕೆ ಬೇಕಾದ ಸಿಮೆಂಟ್ ಅರ್ಧ ಚೀಲಕ್ಕಿಂತ ಕಡಿಮೆ. ಕಾಲುಗಳ ನಡುವೆ ಅದನ್ನು ಕೂರಿಸಿ ಬಿಗಿದರೆ ಮಗುಚುವ ಭಾರ 78ರಿಂದ 160 ಕಿಲೋ ದಾಟುತ್ತದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ತೋಪಿನ ಗುಂಡು ಕಡೆಯಲು ಲೇತ್‌ಗಳ ಅಭಾವವಾದಾಗ ಅಮೆರಿಕದ ಎಂಜಿನಿಯರ್ ಲೂಸಿಯನ್ ಯೋಮನ್ಸ್ ಕಾಂಕ್ರೀಟಿನಲ್ಲೇ ಲೇತ್‌ಗಳ ಬುಡ ಎರಕ ಹೊಯ್ದಿದ್ದರು. ಯಂತ್ರದ ಬುಡ ಲೋಹದ್ದೇ ಆಗಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಶತಮಾನದ ಹಿಂದಿನ ಸಾಕ್ಷಿ ಅದು.

ಕಂಪನದ ಸಂಗತಿಯೂ ಇಲ್ಲೇ ಬರುತ್ತದೆ. ತೋಳನ್ನು ತಿರುಗಿಸಿ ತಟ್ಟನೆ ನಿಲ್ಲಿಸಿದಾಗ ಅದು ಕೆಲಹೊತ್ತು ಅದುರುತ್ತದೆ. 5 ಕಿಲೋ ಪ್ಯಾಲೆಟ್ ಹೊತ್ತ 40×40 ತೋಳು ಮೇಲೆ ಕೆಳಗೆ ಸೆಕೆಂಡಿಗೆ ಸುಮಾರು 25 ಸಲ ಅದುರಿದರೆ, 80×40 ತೋಳು ಸುಮಾರು 55 ಸಲ ಅದುರುತ್ತದೆ. ಅದುರುವ ವೇಗ ಹೆಚ್ಚಿದಷ್ಟೂ ಹರವು ಸಣ್ಣದು, ಅಡಗುವುದೂ ಬೇಗ. ಬೆಂಗಳೂರಿನ ಎಚ್‌ಎಂಟಿ ಲೇತ್‌ಗಳ ಬುಡ ಎರಕದ ಕಬ್ಬಿಣದ್ದಾಗಿದ್ದಕ್ಕೆ ಒಂದು ಕಾರಣ, ಆ ಕಬ್ಬಿಣದೊಳಗಿನ ಗ್ರಾಫೈಟ್ ಪದರಗಳು ಕಂಪನವನ್ನು ಹೀರಿಕೊಳ್ಳುತ್ತವೆ. ಆದರೆ ಎರಕಕ್ಕೆ ಮೊದಲು ಅಚ್ಚು ಮಾಡಿಸಬೇಕು. ಒಂದೆರಡು ಯಂತ್ರಗಳಿಗಾಗಿ ಆ ಖರ್ಚು ಗಿಟ್ಟದು. ಬೆಸೆದ ಪೈಪಿನ ಕಂಬದೊಳಗೆ ಒಣಮರಳು ತುಂಬಿ ಬಾಯಿ ಮುಚ್ಚುವುದು ಅಗ್ಗದ ದಾರಿ. ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಕಂಪನದ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ.

ಬೆಂಕಿಯ ಎಳೆತ

ಕಾಗದದ ಮೇಲೆ ಸರಿಯಿದ್ದ ಕಟ್ಟು ವೆಲ್ಡಿಂಗ್ ಮೇಜಿನ ಮೇಲೆ ಸೊಟ್ಟಗಾಗಬಹುದು. ಕರಗಿದ ಲೋಹ ತಣಿಯುವಾಗ ಕುಗ್ಗಿ, ತಾನು ಬೆಸೆದ ತುಂಡುಗಳನ್ನು ತನ್ನತ್ತ ಎಳೆಯುತ್ತದೆ. ಒಂದು ಬದಿಯನ್ನು ಪೂರ್ತಿ ಬೆಸೆದು ಇನ್ನೊಂದಕ್ಕೆ ಹೋದರೆ ಓರೆ ಖಚಿತ. ಬಲ್ಲ ವೆಲ್ಡರ್ ಮೊದಲು ಎಲ್ಲ ಮೂಲೆಗಳಿಗೂ ಸಣ್ಣ ಟ್ಯಾಕ್ ಹಾಕುತ್ತಾನೆ, ಕರ್ಣಗಳನ್ನು ಅಳೆಯುತ್ತಾನೆ, ಆಮೇಲೆ ಎದುರುಬದುರು ಬದಿಗಳನ್ನು ಸರದಿಯಂತೆ ಬೆಸೆಯುತ್ತಾನೆ. 1200×900 ಚೌಕಟ್ಟಿನ ಎರಡೂ ಕರ್ಣಗಳು 1500 ಬಂದರೆ ಮೂಲೆಗಳು ಸರಿಯಾಗಿವೆ ಎಂದರ್ಥ.

ಇಷ್ಟಾದರೂ ಒಂದೆರಡು ಮಿಲಿಮೀಟರ್ ಓರೆ ಉಳಿಯುವುದು ಸಹಜ. ಇಡೀ ಕಟ್ಟನ್ನು ಮೆಷಿನಿಂಗ್ ಮಾಡಿಸಲು ಹೋದರೆ ಜೇಬು ಖಾಲಿ. ಹಬ್ ಕೂರುವ ಒಂದು ತಟ್ಟೆಯನ್ನು ಮಾತ್ರ ಬೆಸೆದ ಮೇಲೆ ಲೇತ್‌ನಲ್ಲಿ ಹಿಡಿದು ಸಮ ಮಾಡಿಸಿ, ಉಳಿದದ್ದನ್ನು ಸರಿಹೊಂದಿಸುವ ಬೋಲ್ಟ್‌ಗಳಿಗೆ ಬಿಡುವುದು ಜಾಣತನ. ಪ್ರತಿ ಪ್ಯಾಲೆಟ್ಟಿನ ಕೆಳಗೂ ಮೂರು ಬೋಲ್ಟ್‌ಗಳಿದ್ದರೆ ಅದನ್ನು ಯಾವ ದಿಕ್ಕಿಗಾದರೂ ಓರೆ ಮಾಡಿ ಸಮಕ್ಕೆ ತರಬಹುದು. ನಿಖರತೆಯನ್ನು ಎಲ್ಲೆಡೆ ಕೊಳ್ಳುವ ಬದಲು ಬೇಕಾದಲ್ಲಿ ಹೊಂದಿಸಿಕೊಳ್ಳುವ ಉಪಾಯ ಇದು.

ಖರ್ಚು ಉಳಿಸುವ ಇನ್ನೂ ಕೆಲವು ದಾರಿಗಳಿವೆ. ಪೈಪು ಅಂಗಡಿಯಲ್ಲಿ 6 ಮೀಟರ್ ಉದ್ದದಲ್ಲಿ ಸಿಗುತ್ತದೆ. ತುಂಡುಗಳ ಅಳತೆಯನ್ನು 6 ಮೀಟರಿಗೆ ಹೊಂದುವಂತೆ ಮೊದಲೇ ಯೋಜಿಸಿದರೆ ಪೋಲು ತಪ್ಪುತ್ತದೆ. ಎರಡೇ ಬಗೆಯ ಪೈಪಿನಲ್ಲಿ ಇಡೀ ಯಂತ್ರ ಮುಗಿಸುವುದು ಒಳ್ಳೆಯದು. ಕಂಬ ಮತ್ತು ಕಾಲು ಸೇರುವಲ್ಲಿ ತ್ರಿಕೋನದ ಗಸೆಟ್ ತಟ್ಟೆ ಬೆಸೆದರೆ ತುಸುವೇ ಉಕ್ಕಿನಿಂದ ಮೂಲೆ ಬಿಗಿಯಾಗುತ್ತದೆ. ಸ್ಕ್ರೀನ್ ತೊಳೆದ ನೀರು ಒಳಗೆ ಸೇರಿ ತುಕ್ಕು ಹಿಡಿಯದಂತೆ ಪೈಪಿನ ತುದಿಗಳನ್ನು ಮುಚ್ಚಬೇಕು.

ಹೊಸ ಯಂತ್ರ ಮಾಡಿಸುವವರು ಕೊನೆಯ ಕಂತು ಕೊಡುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಹತ್ತಿರದ ಐಟಿಐನಿಂದಲೋ ಲೇತ್ ಅಂಗಡಿಯಿಂದಲೋ 0.01 ಮಿ.ಮೀ. ತೋರಿಸುವ ಡಯಲ್ ಗೇಜ್ ಎರವಲು ತನ್ನಿ. ಅದರ ಕಾಂತದ ಪೀಠವನ್ನು ಸ್ಕ್ರೀನ್ ಹಿಡಿಯುವ ಮೇಲಿನ ತೋಳಿಗೆ ಅಂಟಿಸಿ, ಮುಳ್ಳಿನ ತುದಿಯನ್ನು ಪ್ಯಾಲೆಟ್ಟಿಗೆ ತಾಗಿಸಿ, ಪ್ಯಾಲೆಟ್ಟಿನ ನಡುವೆ 10 ಕಿಲೋ ತೂಕ ಇಡಿ. ಮುಳ್ಳು ಕಾಲು ಮಿಲಿಮೀಟರಿನೊಳಗೆ ನಿಂತರೆ ತೋಳು, ಹಬ್, ಕಂಬ ಸರಿಯಾಗಿವೆ. ತೂಕ ತೆಗೆದ ಮೇಲೆ ಮುಳ್ಳು ಸೊನ್ನೆಗೆ ಮರಳದಿದ್ದರೆ ಎಲ್ಲೋ ಸಡಿಲವಿದೆ. ಅದನ್ನು ಹುಡುಕಿ ಬಿಗಿದ ಮೇಲೆಯೇ ಯಂತ್ರವನ್ನು ಒಪ್ಪಿಕೊಳ್ಳಿ.